ಹೆಸರು ಹಾಕುವವನ ಉಪ್ಪು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಪಾತ್ರೆಗೆ ಹೆಸರು ಹಾಕುತ್ತೇನೆ, ಅಕ್ಷರಕ್ಕೆ ಎರಡು ರೂಪಾಯಿ.
ಒತ್ತಕ್ಷರಕ್ಕೆ ಬೇರೆ ದುಡ್ಡಿಲ್ಲ.

ಆ ವರ್ಷ ಹದಿನೇಳು ರಾತ್ರಿ ಮಲಗಲಿಲ್ಲ.
ಚೊಂಬು, ತಪ್ಪಲೆ, ಸಾರಿನ ಸೌಟು,
ಸಾಹುಕಾರರ ಗೋದಾಮಿನಲ್ಲಿ ಮಾರದೆ ಉಳಿದ ಸರಕಿಗೆಲ್ಲ
ಕಂಡಕಂಡವರ ಹೆಸರು ಕೆತ್ತಿದೆ:
ಬಸ್‌ಸ್ಟ್ಯಾಂಡಿನ ಕಡಲೆಕಾಯಿಯವಳು, ನಾಲೆಯ ತೂಬು ಕಾಯುವವನು,
ಇನ್ನೂ ಹುಟ್ಟದವರು.
ಸ್ಟೀಲು ಬೆಣ್ಣೆಯಾಗಿತ್ತು.
ಕೈ ನನ್ನದಲ್ಲ, ದೇವರದು ಅಂದುಕೊಂಡೆ.
ಆಮೇಲೆ ಅದೇ ಕೈ ನಾಲ್ಕು ತಿಂಗಳು
ಕಂಬಳಿಯಿಂದ ಹೊರಗೆ ಬರಲಿಲ್ಲ.

ಡಾಕ್ಟರು ಶಬಾನಾ ಬರೆದರು: ಲಿಥಿಯಂ.
'ಇದೂ ಒಂದು ಉಪ್ಪೇ ಕಣ್ರೀ, ಕಲ್ಲಿಂದ ಬರೋದು.'
ಉಪ್ಪು ತಿಂದವನು ನೀರು ಕುಡಿಯಲೇಬೇಕು,
ಗಾದೆ ಕೇಳಿದ್ದೆ, ತಪ್ಪು ಮಾಡಿದವರಿಗೆ ಅಂತಿದ್ದೆ.
ಈಗ ದಿನಕ್ಕೆ ಮೂರು ಲೀಟರು,
ರಾತ್ರಿ ನಾಲ್ಕು ಸಲ ಹಿತ್ತಿಲು.
ಮೂರು ತಿಂಗಳಿಗೊಮ್ಮೆ ರಕ್ತ.
ಸೊನ್ನೆ ಬಿಂದು ಏಳು ಬಂದರೆ ಚಂಪಕ ಪಾಯಸವೇನೂ ಮಾಡುವುದಿಲ್ಲ,
ಚೀಟಿ ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾಳೆ, ಅಷ್ಟೆ.

ಏಪ್ರಿಲ್‌ನಲ್ಲಿ ಭೇದಿ ಹತ್ತಿತು. ಮೈನೋವಿಗೆ
ಅಂಗಡಿಯ ಮಾತ್ರೆ ನುಂಗಿದೆ, ಯಾರನ್ನೂ ಕೇಳದೆ.
ಮೂರನೇ ದಿನ ಸಾಲಗಾಮೆ ರಸ್ತೆಯಲ್ಲಿ ನಡೆದರೆ
ರಸ್ತೆಯೇ ಪಕ್ಕಕ್ಕೆ ಸರಿಯಿತು, ನಾಲಿಗೆ ಹತ್ತಿಯಾಯಿತು.
'ಬೆಳಿಗ್ಗೆನೇ ಹಾಕ್ಕೊಂಡವ್ನೆ' ಅಂದರು ಜನ.
ಆಸ್ಪತ್ರೆಯ ಚೀಟಿಯಲ್ಲಿ ಒಂದು ಬಿಂದು ಒಂಬತ್ತು.
ಕಾಯುವ ಉಪ್ಪಿಗೂ ಕೊಲ್ಲುವ ಉಪ್ಪಿಗೂ ನಡುವೆ
ಒಂದು ಚಿಟಿಕೆಯೂ ಇಲ್ಲ.

ಬಿಟ್ಟುಬಿಡಲೇ ಎಂದೆ.
ಡಾಕ್ಟರು ಕಿಡ್ನಿಯ ಲೆಕ್ಕ ತೋರಿಸಿದರು, ಥೈರಾಯ್ಡಿನದನ್ನೂ,
ಬಿಟ್ಟವರ ಲೆಕ್ಕವನ್ನೂ.
ಚಂಪಕ ಏನೂ ತೋರಿಸಲಿಲ್ಲ.
ಆ ನಾಲ್ಕು ತಿಂಗಳಲ್ಲಿ ಬಾವಿಯ ಬಾಯಿಗೆ ಅವಳು ಮುಚ್ಚಿದ ತಗಡು
ಇನ್ನೂ ತೆಗೆದಿಲ್ಲ.

ಕೈ ನಡುಗುತ್ತದೆ, ಸಣ್ಣಗೆ.
'ಣ' ಬರೆಯುವಾಗ ಉಸಿರು ಹಿಡಿಯುತ್ತೇನೆ.
ಮೊನ್ನೆ ಒಬ್ಬಳು ಹುಡುಗಿ ಟಿಫಿನ್ ಡಬ್ಬಿ ತಂದಳು: ಪೂರ್ಣಿಮಾ.
ಬೆಳಕಿಗೆ ಹಿಡಿದು ನೋಡಿ,
'ಅಣ್ಣ, ನೀರಲ್ಲಿ ಬರ್ದಂಗಿದೆ' ಅಂದಳು.
ದುಡ್ಡು ಬೇಡವೆಂದೆ. ಕೊಟ್ಟೇ ಹೋದಳು.

ಸುಳ್ಳೇಕೆ, ಬೆಣ್ಣೆಯಂಥ ಆ ಸ್ಟೀಲು ಈಗಲೂ ಕನಸಿಗೆ ಬರುತ್ತದೆ.
ಸಾಹುಕಾರರು ಆ ಸರಕನ್ನು ನನ್ನ ಲೆಕ್ಕಕ್ಕೇ ಬರೆದರು;
ಮನೆಯಲ್ಲಿ ಏಳು ಚೊಂಬು ಉಳಿದಿವೆ.
ರಾತ್ರಿ ಎಂಟೂವರೆಗೆ, ಊಟವಾದ ಮೇಲೆ,
ಒಂದರಲ್ಲಿ ನೀರು ತುಂಬಿ ಚಂಪಕ ಮಾತ್ರೆಯ ಜೊತೆ ಕೊಡುತ್ತಾಳೆ.
ದ್ಯಾವೀರಯ್ಯ ಎಂಬುವರ ಚೊಂಬು.
ಯಾರೆಂದು ನನಗೂ ಗೊತ್ತಿಲ್ಲ.
ಅಕ್ಷರ ಮಾತ್ರ ಎಷ್ಟು ನೆಟ್ಟಗಿದೆ.