ಒಳಗ ಪತ್ರ ಇಲ್ಲ

ತಹಸೀನಳ ತಂಗಿಯ ಲಗ್ನಪತ್ರಿಕೆಯೊಳಗ
ಉರ್ದು ಸಾಲು ತಲೆಕೆಳಗಾಗಿ ಬಿತ್ತು.
ತಪ್ಪು ನಂದೇ. ಪ್ಲೇಟು ಹಚ್ಚಿದವಳು ನಾ.
ಮಾಲಕ ಒದರಿದ. ಇನ್ನೂರು ಕಾರ್ಡು ಮತ್ತ ಹೊಡೆದ್ವಿ.
ಕೆಟ್ಟವೂ ಕೊಡ್ರಿ ಅಂತ ಅಕಿ ಚೀಲದಾಗ ತುಂಬಿಕೊಂಡು
ಬಸವಕಲ್ಯಾಣದ ಬಸ್ಸು ಹತ್ತಿದಳು.
ಯಾಕ ಅಂತ ನಾ ಕೇಳಲಿಲ್ಲ.

ಹದಿನೈದು ದಿನಕ್ಕ ಶಹಾಬಾದಿನ ಪ್ರೆಸ್ಸಿಗೆ ಒಂದು ಲಕೋಟೆ.
ಯಾವುದೋ ಸಾಲಿ ಹುಡುಗನ ಕೈಬರಹದಾಗ
"ಸುಗಲಾಬಾಯಿ, ಕಟಿಂಗ್ ಮಷೀನಿನ ಬಾಜೂಕ."
ಒಳಗ ಪತ್ರ ಇಲ್ಲ.
ಆ ತಲೆಕೆಳಗಾದ ಸಾಲನ್ನೇ ಕತ್ತರಿಸಿ
ಗುಬ್ಬಿ ಮಾಡ್ಯಾಳ,
ಸಿಮೆಂಟ್ ಚೀಲದ ಕಾಗದದ ಮ್ಯಾಲ ಕುಂಡ್ರಿಸ್ಯಾಳ.
ಬೈಗುಳ ಬರ್ತದಂತ ಕಾದಿದ್ದೆ.

ಅಕಿಗೆ ಕನ್ನಡ ಮಾತಾಡ್ಲಾಕ ಬರ್ತದ, ಓದ್ಲಾಕ ಬರಂಗಿಲ್ಲ.
ನನಗ ಉರ್ದು ಕೇಳಿದ್ರ ತಿಳೀತದ. ನೋಡಿದ್ರ
ಗೆರಿ, ಚುಕ್ಕಿ, ಸಾಲು ಹಿಡಿದ ಇರುವಿ.

ಸಂಜಿಗೆ ಮಷೀನಿನ ಬುಡದಾಗಿನ ಚೂರು ಬಳಿದೆ:
ಅರ್ಧ ಸುಸ್ವಾಗತ, ಮುಹೂರ್ತದಾಗಿನ ಹೂ,
ಸೊಂಡಿ ಇಲ್ಲದ ಗಣಪತಿ,
ಹೆಸರು ತಪ್ಪಾಗಿ ಹೊಡೆದ ಎಷ್ಟೋ ಮದುಮಗಂದಿರು.
ಅದರಾಗ 'ಗ' ಆರಿಸಿಕೋತ ಕುಂತೆ.
ಕಲಬುರಗಿಗೆ ಹೋದಾಗೆಲ್ಲ ನೋಡಿದ್ದು
ಈಗ ಕಾಗದದ ಮ್ಯಾಲ ನೋಡಿದೆ:

ಗ   ಗ   ಗ   ಗ   ಗ   ಗ   ಗ

ಹಫ್ತ್ ಗುಮ್ಮಟ.
ಗಂಜಿ ಹಚ್ಚಿದೆ, ಒಣಗಿಸಿದೆ, ಅಂಚೆಗೆ ಒಯ್ದೆ.

"ಒಳಗ ಏನದ?" ಬಸಣ್ಣೆಪ್ಪ ಕೌಂಟರಿನಾಗಿಂದ ಕೇಳಿದ.
"ಕಾಗದ."
"ಬರದದ್ದೋ?"
"ಅಲ್ಲ. ಕತ್ತರಿಸಿದ್ದು."
"ಚೂರು ಕಳಸ್ಲಾಕ ರೊಕ್ಕ ಕಳೀತಿ ಅಲ್ಲ ನಮ್ಮವ್ವ"
ಅಂದವನೇ ಮುದ್ರಿ ಎತ್ತಿ
ಸಿಟ್ಟಿಲೇ ಬಡಿದ.

ಅದು ವಾಪಸ್ ಬಂದಾಗ
ಒಂದೊಂದು ಗುಮ್ಮಟದ ಬುಡಕ್ಕೂ ಒಂದೊಂದು ಬಟ್ಟಲ.
ಟೆಂಪೋದ ಮೆಹಬೂಬ ನೋಡಿ ಹೇಳಿದ, ಇದು ನೂನ್, ಅಕ್ಕ,
ನಡುಕ ಒಂದು ಚುಕ್ಕಿ ಇರ್ಬೇಕು.
ಗುಮ್ಮಟ ಕೆರಿಯಾಗ ಬಿದ್ದಂಗ ಕಾಣ್ತಿತ್ತು,
ನೀರಾಗ ಒಂದೊಂದು ಚಂದ್ರ.
ಎಣಿಸಿದೆ. ಏಳು ಬಟ್ಟಲಕ್ಕ ಆರೇ ಚುಕ್ಕಿ.
ಲಕೋಟೆ ಝಾಡಿಸಿದೆ,
ಅಂಗೈಯಾಗ ಬಿತ್ತು
ಒಂದು ತೊಗರಿ ಬ್ಯಾಳಿ.

ಆಮ್ಯಾಲ ಎಷ್ಟು ಹೋದವು ಎಷ್ಟು ಬಂದವು
ಲೆಕ್ಕ ಇಟ್ಟಿಲ್ಲ.
ಅಕಿ ಕಳಿಸಿದ್ದರಾಗ ಬ್ಲೌಸಿನ ಅಳತಿ ಕಾಗದ,
ಮ್ಯಾಲ 'ಠ', ನಡುಕ ಚುಕ್ಕಿ ಇದ್ದ ಕಣ್ಣು.
ಅದು ಅಕ್ಷರ ಅಂತ ಅಕಿಗೆ ಗೊತ್ತಿತ್ತೋ ಇಲ್ಲೋ.
ನಾ ಕಳಿಸಿದ್ದರ ಮ್ಯಾಲೆಲ್ಲ ಫರಸಿ ಧೂಳು,
ಒರೆಸಿದ್ರೂ ಹೋಗಂಗಿಲ್ಲ,
ಅದು ನಮ್ಮೂರಿನ ಸಹಿ ಅಂತ ಬಿಟ್ಟೆ.

ಮೇ ತಿಂಗಳಾಗ ಬಂದ ಲಕೋಟೆಯೊಳಗ
ಅಂಟೆಲ್ಲ ಸುಟ್ಟು ಹೋಗಿ
ಚೂರು ಚೂರೇ ಬಿದ್ದಿದ್ವು.
ಖಾಲಿ ರಟ್ಟಿನ ಮ್ಯಾಲ ಗಂಜಿ ಕಲಿ ಅಷ್ಟೇ.
ಏನಿತ್ತೋ. ಕುದುರಿಯೋ, ಬಾಗಿಲೋ,
ಯಾರದರೇ ಮುಖವೋ.
ಊಟ ಬಿಟ್ಟು ಕುಂತು ಜೋಡಿಸಿದೆ, ನನಗ ತಿಳಿದಂಗ,
ಕೊಡ ಹೊತ್ತ ಹೆಂಗಸು ಆಯಿತು.
ತಪ್ಪೇ ಆಗಿರಬೇಕು.
ಹಂಗೇ ಕಳಿಸಿದೆ.

ಸರಿ ಅಂದಿಲ್ಲ, ತಪ್ಪು ಅಂದಿಲ್ಲ ಅಕಿ.
ಮುಂದಿನದು ಬಂತು:
ಅಂಟೇ ಹಚ್ಚಿಲ್ಲ. ಬರೇ ಚೂರು.

ಇವತ್ತ ನಾನೂ ಹಂಗೇ ತುಂಬಿ ಒಯ್ದೆ.
ಬಸಣ್ಣೆಪ್ಪ ಲಕೋಟೆ ಕಿವಿ ಹಂತ್ಯಾಕ ಹಿಡಿದು ಅಳ್ಳಾಡಿಸಿದ.
"ಪತ್ರ ಇಲ್ಲ ಅಂತೀ,
ಮತ್ತ ಈ ಸಪ್ಪಳ ಏನು?"
ನಾ ಏನೂ ಹೇಳಲಿಲ್ಲ. ಅಂವ ಮುದ್ರಿ ಎತ್ತಿದ,
ತಡೆದ.
ಲಕೋಟೆ ಸ್ವಲ್ಪ ಎಡಕ್ಕ ತಿರುವಿದ,
ಇನ್ನಷ್ಟು ತಿರುವಿದ,
ಕಣ್ಣು ಸಣ್ಣ ಮಾಡಿ
ಜಾಗ ಹುಡುಕ್ಲಾಕ ಹತ್ತಿದ.
ಹಿಂದ ಪಾಳಿಯಾಗ ನಾಕು ಮಂದಿ ನಿಂತಿದ್ರು.