ಅಂಜಪ್ಪ ಬರೆದ ಬೊಂಬಾಯಿ

ಶ್ರೀನಿವಾಸಪುರದ ಮಂಡಿ ರಸ್ತೆಯಲ್ಲಿ
ಸೈಕಲ್ ಷಾಪಿನ ಮಹಡಿ ಮೇಲೆ
ನಮ್ಮಪ್ಪ ಸೊಣ್ಣಪ್ಪನ ಸ್ಟುಡಿಯೋದೊಳಗೆ
ಗೋಡೆಯಗಲಕ್ಕೂ ಒಂದು ಸಮುದ್ರ ಇತ್ತು.
ಸಮುದ್ರದ ದಡಕ್ಕೆ ಗೇಟ್‌ವೇ.

ಬರೆದವನು ಅಂಜಪ್ಪ.
ಲಾರಿಗಳ ಬೆನ್ನಿಗೆ ಹುಲಿ, ನವಿಲು, ಸೌಂಡ್ ಹಾರ್ನ್ ಬರೆಯುವವನು.
ಬೊಂಬಾಯಿ ನೋಡಿದವನಲ್ಲ,
ಕೈಯಲ್ಲಿದ್ದದ್ದು ಹಳೇ ಕ್ಯಾಲೆಂಡರು,
ಅದರಲ್ಲೂ ಕೆಳಗಿನರ್ಧ ತಾರೀಕು, ಅಮಾವಾಸ್ಯೆ.
ನೀರು ಎಲ್ಲಿಂದ ತರಲಿ ಅಂತ ಎರಡು ದಿನ ಬೀಡಿ ಸೇದಿ
ಮೂರನೇ ದಿನ ಊರ ಕೆರೆಯನ್ನೇ ತಂದ:
ಮೆಟ್ಟಿಲು, ನಾಲ್ಕು ತಾವರೆ,
ಮೀನಿಗೆ ಕಾದ ಒಂದು ಬೆಳ್ಳಕ್ಕಿ.
ಲಾರಿ ಬಾಡಿಗೆ ತಂದ ನೀಲಿ ಮಿಕ್ಕಿತ್ತು, ಅದೇ ಅಲೆ.
ಗೋಪುರ ನಾಲ್ಕಿರಬೇಕಾದಲ್ಲಿ ಐದಾಯಿತು.
"ಇರಲಿ ಬಿಡು ಸೊಣ್ಣಪ್ಪ,
ಒಂದು ಬಿದ್ದರೂ ಲೆಕ್ಕ ಸರಿಹೋಗುತ್ತೆ."

ಬಟ್ಟೆ ನೆಲ ಮುಟ್ಟುತ್ತಿರಲಿಲ್ಲ, ಗೇಣು ಕಮ್ಮಿ.
ಸಮುದ್ರ ಮುಗಿದು ಗಾರೆ ನೆಲ ಶುರುವಾಗುವ ಕಡೆ
ಪ್ಲಾಸ್ಟಿಕ್ ಹೂವಿನ ಕುಂಡ ಇಡುವುದು ನನ್ನ ಕೆಲಸ.
ಗದ್ದ ಎತ್ತಿಸುವುದು, ಸೆರಗು ಸರಿಮಾಡುವುದು,
ಅಳುವ ಕೂಸಿಗೆ ಬೆಳ್ಳಕ್ಕಿ ತೋರಿಸುವುದು,
ಅದೂ ನನ್ನದೇ.
ಕಪ್ಪು ಬಟ್ಟೆಯೊಳಗಿಂದ ಅಪ್ಪನ ದನಿ: "ಉಸಿರು ಹಿಡೀರಿ."
ತಾಲ್ಲೂಕಿನರ್ಧ ಜನ ಆ ದಡದಲ್ಲಿ ಉಸಿರು ಹಿಡಿದು ನಿಂತಿದ್ದಾರೆ.
ಮದುವೆಯಾಗಿ ಮೂರು ದಿನದ ರೋಣೂರಿನ ಜೋಡಿ,
ಎಸ್ಸೆಲ್ಸಿ ಪಾಸಾದ ಹುಡುಗರು,
ಫೇಲಾದವರೂ, ಪಾಸಾದವರ ಷರ್ಟು ಇಸ್ಕೊಂಡು.

ಮಂಡಿಯ ಬಾಬಾಜಾನ್ ಸಾಬರು ಮಾತ್ರ
ನಿಜದ್ದನ್ನು ಕಂಡವರು.
"ಅಲ್ಲಿ ತಾವರೆ ಎಲ್ಲೈತೆ ಸೊಣ್ಣಪ್ಪ,
ಡೀಸೆಲ್ ವಾಸನೆ ಐತೆ."
ಅಪ್ಪನಿಗೆ ಪಿಚ್ಚೆನಿಸಿತು. ಕಾಶ್ಮೀರದ ಪರದೆ ಇಳಿಸಲಾ ಅಂದ.
ಸಾಬರು ಟೋಪಿ ಸರಿಮಾಡಿಕೊಂಡು ತಾವರೆಯ ಪಕ್ಕಕ್ಕೇ ನಿಂತರು.
"ಬೇಡ, ಇದೇ ಇರಲಿ.
ಅಲ್ಲಿ ನಿಂತಾಗ ಯಾರೂ ನನ್ನ ಫೋಟೋ ತೆಗೀಲಿಲ್ಲ."

ಯಲ್ದೂರಿನ ಅಕ್ಕಲಮ್ಮ ಒಬ್ಬಳೇ ಬಂದಳು.
ಗಂಡ ಬೇನಿಷಾ ಲೋಡಿನ ಜೊತೆ ಲಾರಿ ಹತ್ತಿ
ಎರಡು ಮಾವಿನ ಫಸಲು ಕಳೆದಿತ್ತು.
ಕುರ್ಚಿ ಬೇಡವೆಂದು, ಪರದೆಯ ಹತ್ತಿರ ಹೋಗಿ
ಕಮಾನಿನ ಕತ್ತಲೊಳಗೆ ಇಣುಕಿದಳು.
ಅಂಜಪ್ಪ ಅಲ್ಲಿ ಬರೀ ಕರಿ ಬಳಿದಿದ್ದ.
"ಇದರೊಳಗಿಂದ ಹೋದ್ರೆ ಮಾರ್ಕೆಟ್ಟಾ?"
ನನಗೆ ಹನ್ನೊಂದು ವರ್ಷ. ಹೂಂ ಅಂದೆ.
ಫೋಟೋದಲ್ಲಿ ಅವಳ ಕತ್ತು ಒಂಚೂರು ತಿರುಗಿದೆ.
ಇನ್ನೊಂದು ತೆಗೀತೀನಿ, ದುಡ್ಡು ಬೇಡ, ಅಂದ ಅಪ್ಪ.
ಬ್ಯಾಡ ಅಂದಳು.

ಹೋದ ವರ್ಷ ನಾನೂ ಹೋದೆ. ಕೈಯಲ್ಲಿ ಮೊಬೈಲು.
ಹಳದಿಗಲ್ಲು, ಪಾರಿವಾಳ, ಚೀಲ ತಪಾಸಣೆಯ ಸಾಲು,
ರಾಗಿ ಗಂಜಿಯಂಥ ನೀರು.
ಗೋಪುರ ಎಣಿಸಿದೆ: ನಾಲ್ಕೇ.
ಐದನೆಯದು ಬಿದ್ದಿರಬೇಕು.
ಎಷ್ಟು ಹಿಂದೆ ಸರಿದರೂ ಚೌಕಟ್ಟಿನೊಳಗೆ
ಯಾರದೋ ಭುಜ, ಯಾರದೋ ಬಲೂನು.
ನಮ್ಮ ಗೇಟ್‌ವೇ ಹೇಳಿದ ಮಾತು ಕೇಳುತ್ತಿತ್ತು,
ಎರಡು ಬಲ್ಬಿಗೆ ಸುಮ್ಮನೆ ನಿಲ್ಲುತ್ತಿತ್ತು.
ಇದು ಮೋಡವೊಂದು ದಾಟಿದರೆ ಬಣ್ಣ ಬಿಡುತ್ತದೆ,
ಮತ್ತೆ ಹಾಕಿಕೊಳ್ಳುತ್ತದೆ.
ಹದಿನೇಳು ತೆಗೆದೆ, ಹದಿನೇಳನ್ನೂ ಅಳಿಸಿದೆ.

ಪ್ರಿಂಟರು ಹೆಗಲಿಗೇರಿಸಿದ ಹುಡುಗನೊಬ್ಬ
ಎರಡು ನಿಮಿಷ, ನೂರು ರೂಪಾಯಿ ಎಂದ.
ನಿಂತೆ. ಗದ್ದ ತಾನಾಗಿ ಎದ್ದಿತು,
ಉಸಿರು ತಾನಾಗಿ ನಿಂತಿತು.
ಅವನು ನಗಲು ಹೇಳಿದ.
ನಮ್ಮಲ್ಲಿ ನಗು ಕೇಳುತ್ತಿರಲಿಲ್ಲ.

ಬಿಸಿ ಆರದ ಕಾಗದದಲ್ಲಿ
ನನ್ನ ಹಿಂದೆ ಕಮಾನು, ಕಮಾನಿನಾಚೆ ಬೆಳಕು,
ದೋಣಿ, ನೀರು.
ಮಾರ್ಕೆಟ್ಟಿಲ್ಲ, ಅಕ್ಕಲಮ್ಮ.

ಹುಡುಗ ಚಿಲ್ಲರೆ ಹುಡುಕುತ್ತಿದ್ದ.
ನಾನು ಬಗ್ಗಿ ಕಾಲ ಹತ್ತಿರ ನೋಡಿಕೊಂಡೆ
ಕುಂಡ ಸರಿಯಾಗಿ ಇಟ್ಟಿದ್ದೀನಾ ಅಂತ.