ಹಳೇದರ ನಕಲು

ಚಪ್ಪಲಿ ಡಬ್ಬಿಯೊಳಗ, ಹಳೇ ಟಾವೆಲ್ ಸುತ್ತಿ,
ಹುಬ್ಬಳ್ಳಿಯಿಂದ ಬಸ್ಸಿನಾಗ ತೊಡಿ ಮ್ಯಾಲ ಇಟಗೊಂಡು ತಂದಾನ
ರುದ್ರಮುನಿ, ಎರಡು ಫ್ಯಾನಿನ ಗ್ರಾಫಿಕ್ಸ್ ಕಾರ್ಡು.
ಸೆಕೆಂಡ್ ಹ್ಯಾಂಡು. ರಸೀದಿ ಇಲ್ಲ.
ಮಾರಿದಂವನ ಫೋನು ಅವತ್ತ ಸಂಜಿಗೆ ಸ್ವಿಚ್ ಆಫ್.

"ಇಸೂಫಣ್ಣ, ಗೇಮು ಓಡತೈತಿ, ಆದರ ಕುಂಟತೈತಿ.
ಕಾರು ತಿರುವಿಗೆ ಬಂತಂದ್ರ ತಡವರಸತೈತಿ,
ಚಿತ್ರ ನಡುವ ಹರೀತೈತಿ."

ಹಿಂದ ಅವರವ್ವ, ಶಾಂಬವ್ವ.
ಮಗ್ಗದ ಕೂಲಿಯೊಳಗ ಉಳಿಸಿದ ರೊಕ್ಕ ಆಕಿದು,
ಅದಕ್ಕ ಕುಂತು ನೋಡೂದು ಆಕಿ ಹಕ್ಕು.
ಸೆರಗಿಗೆ ಕುಂಕುಮ ಬಣ್ಣದ ಎಳಿ ಒಂದು ಅಂಟಿತ್ತು.

ಹಚ್ಚಿ ತೋರಿಸಿದೆ. ಬಗ್ಗಿ ನೋಡಿದಳು:
"ಹೌದು, ಹರದೈತಿ.
ಮ್ಯಾಲಿನ ತುಂಡು ಮುಂದ ಹೋಗೈತಿ, ಕೆಳಗಿಂದು ಇನ್ನಾ ಹಿಂದ ಐತಿ.
ಹಣಿಗಿ ಸರಿ ಬಡದಿಲ್ಲ."

ಬೆಟಗೇರ್ಯಾಗ ಹದಿನೈದು ವರ್ಷ ಅಂಗಡಿ ಇಟಗೊಂಡೀನಿ,
ರೋಗ ಇಷ್ಟು ನೆಟ್ಟಗ ಹೇಳಿದ ಗಿರಾಕಿ ಬಂದಿದ್ದಿಲ್ಲ.

ಫರ್ಮ್‌ವೇರ್ ತಗದು ಓದಿದೆ.
ಯಾವುದೋ ಶೆಡ್ಡಿನಾಗ, ಇಂಥಾವ ನಾಕೈವತ್ತರ ಸಾಲಿನಾಗ
ನಾಣ್ಯ ಅಗೀತಿದ್ದ ಕಾರ್ಡದು.
ನೆನಪು ಜೋರು ಓಡಿಸು, ಉಳಿದದ್ದು ನಿಧಾನ,
ಕರೆಂಟು ಕಡಿಮಿ ತಿನ್ನು.
ಹಿಂಗ ಬರದಿದ್ದ ಮಾಲಕ.
ಚಿತ್ರ ಬರೀಲಿಕ್ಕ ಹುಟ್ಟಿದ್ದು
ಎರಡು ವರ್ಷ ಒಂದ ಒಂದು ಚಿತ್ರ ಬರದಿದ್ದಿಲ್ಲ.

"ಕಂಪನಿಯ ಮೂಲದ್ದು ತಿರುಗಿ ತುಂಬತೀನಿ," ಅಂದೆ.
"ತುಂಬೋ ಮುಂದ ಕರೆಂಟ್ ಹೋದರ ಮಾತ್ರ ಇದು ಇಟ್ಟಂಗಿ."
"ಎಷ್ಟೊತ್ತು?"
"ಒಂದು ನಿಮಿಷ, ಮ್ಯಾಲ ಚಿಲ್ಲರ."
"ಹೆಸ್ಕಾಂ ಮ್ಯಾಲ ಅಷ್ಟು ನಂಬಿಗಿ?"
ಟೇಬಲ್ ಕೆಳಗಿನ ಯುಪಿಎಸ್ ತೋರಿಸಿದೆ. ಆಕಿ ಅದರ ಕಡೆ
ಹೊಸ ಅಳಿಯನ್ನ ನೋಡಿದಂಗ ನೋಡಿದಳು.

ಎಂಟರ್ ಒತ್ತಿದೆ.
ಹತ್ತು. ಇಪ್ಪತ್ತೆರಡು. ನಲವತ್ತು.
ರುದ್ರಮುನಿ ಉಗುರು ಕಡಿಯೂದು ನಿಲ್ಲಿಸಿದ.
ರಸ್ತಾದಾಗ ಟಂಟಂ ಒಂದು ಹಾರ್ನ್ ಹೊಡಕೋತ ಹೋತು.
ಅರವತ್ತೊಂದು. ಅರವತ್ತೊಂದು. ಅರವತ್ತೊಂದು.
ತೊಂಬತ್ತು.
ಕರೆಂಟು ಹೋಗಲಿಲ್ಲ.
ಹೋಗೇ ಹೋಗತೈತಿ ಅಂತ ಕುಂತಿದ್ದ ಮೂರೂ ಮಂದಿಗೆ
ಒಂದು ನಮೂನಿ ನಾಚಿಕಿ ಆತು.

ಆಮ್ಯಾಲ ಹೊಸ ಡ್ರೈವರು. ಅದು ದೊಡ್ಡದು,
ನನ್ನ ಮೊಬೈಲಿನ ನೆಟ್ಟಿನ ಮ್ಯಾಲ ಎತ್ತಿನ ಬಂಡಿಗತೆ ಇಳೀತಿತ್ತು.
ಚಾ ತರಿಸಿದೆ.
"ಹೊಸ ಸಾಮಾನು ಏನೂ ಹಾಕಿಲ್ಲಲ್ಲ,
ಮತ್ತ ಹೆಂಗ ಚಲೋ ಓಡತೈತಿ?" ಅಂದಳು ಶಾಂಬವ್ವ.
ನಾ ಬಾಯಿ ತೆರಿಯೂದರೊಳಗ ತಾನ ಹೇಳಿದಳು:
"ಜಕಾರ್ಡ್ ಪಟ್ಟಿ ಇದ್ದಂಗ.
ಮಗ್ಗ ಅದ, ನೂಲು ಅದ, ಕಾಲು ಅವ.
ತೂತಿನ ಪಟ್ಟಿ ಬದಲು ಮಾಡಿದರ ದಡಿ ಬದಲು."
ಮಗ ಅವ್ವನ್ನ ನೋಡಿದ, ಮೊದಲನೇ ಸಲ ನೋಡಿದಂಗ.
ಚಾದ ಕಪ್ಪು ಕೆಳಗಿಟ್ಟು ಕೇಳಿದಳು:
"ಹಳೇದು ಎಲ್ಲಿ ಹೋತು?"

"ನಕಲು ತಗದು ಇಟ್ಟೀನ್ರಿ. ಹಳೇದರ ನಕಲು ಇಲ್ಲದ
ಹೊಸದು ತುಂಬಬಾರದು, ಇದು ನಮ್ಮ ಕಸಬಿನ ಮೊದಲನೇ ಪಾಠ."

ಸ್ವಲ್ಪ ಹೊತ್ತು ಮಾತಿಲ್ಲ.
"ನಮ್ಮಾವ ತೀರಿದ ವರ್ಷ ಪಟ್ಟಿ ಆರನೂರು ಇದ್ದುವು.
ನೀರೊಲಿಗೆ ಹಾಕಿದ್ವಿ. ಚಲೋ ಉರದುವು.
ಬೂದಿ ಸೈತ ಬೆಳ್ಳಗ ಬಂದಿತ್ತು.
ಈಗ ಆ ದಡಿ ಬೇಕಂದ್ರ ಯಾರಿಗೂ ಬರಂಗಿಲ್ಲ.
ಸೀರಿ ಒಂದೈತಿ, ನಾದಿನಿ ಕಡೆ, ಹಾವೇರ್ಯಾಗ.
ಆಕಿ ಉಡಂಗಿಲ್ಲ, ತೋರಸಂಗೂ ಇಲ್ಲ."

"ಅಣ್ಣಾ, ಐವತ್ನಾಕು!" ಕೂಗಿದ ರುದ್ರಮುನಿ.
ಮೊದಲು ಮೂವತ್ತೊಂದಿತ್ತು.
ಕಾರು ತಿರುವು ದಾಟಿತು, ಪರದೆ ಹರೀಲಿಲ್ಲ,
ಮಳಿಯ ಹನಿ ಸೈತ ಒಂದೊಂದಾಗಿ ಗಾಜಿಗೆ ಬಡೀತಿದ್ದುವು.
ಶಾಂಬವ್ವ ಕಾರು ನೋಡಲಿಲ್ಲ,
ಮೊದಲು ಹರದಿದ್ದ ಜಾಗಾ ನೋಡತಿದ್ದಳು.

ಮುನ್ನೂರು ಕೇಳಿದೆ, ಇನ್ನೂರಾ ಎಂಬತ್ತು ಎಣಿಸಿದಳು.
ಆತು ಅಂದೆ.

ರಾತ್ರಿ ಶಟರ್ ಎಳಿಯೋ ಮುಂದ
ಪೆನ್‌ಡ್ರೈವಿನಾಗಿನ ಆ ನಕಲಿಗೆ ಹೆಸರಿಡಾಕ ಕುಂತೆ.
ಶಾಂಬವ್ವ ಅಂತ ಹೊಡದೆ.
ಅಳಿಸಿದೆ.
ಬರೇ ತಾರೀಖು ಹಾಕಿ, ಲೈಟ್ ಆರಿಸಿದೆ.